ಕ್ಲೇ ಮುಟ್ಟುವ ಮೊದಲು ತಂತಿ ನಿಲ್ಲಲಿ

ಕುಂದಾಪುರ

ಮಗಳೇ,

ಆಶೀರ್ವಾದಗಳು. ನೀನು ಕಳುಹಿಸಿದ ಯಕ್ಷಗಾನದ ಅಭಿಮನ್ಯು ಬೊಂಬೆಯ ಚಿತ್ರಗಳನ್ನು ಮೂರು ದಿನಗಳಿಂದ ತೆಗೆದು ತೆಗೆದು ನೋಡುತ್ತಿದ್ದೇನೆ. ಓವನ್‌ನಿಂದ ಹೊರಬರುವಾಗಲೇ ಒಂದು ಕಡೆಗೆ ವಾಲಿತ್ತು, ಭುಜದಲ್ಲಿ ಬಿರುಕಿತ್ತು, ಎತ್ತಿಕೊಂಡಾಗ ತೋಳು ಕಳಚಿ ಬಂತು ಎಂದು ಬರೆದಿದ್ದೀಯೆ. ಈ ಕೆಲಸ ನಿನ್ನ ಕೈಗೆ ಒಗ್ಗುವುದಿಲ್ಲ ಎಂದು ಕೊನೆಗೆ ಬರೆದ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಮುಖವನ್ನೊಮ್ಮೆ ನೋಡು. ತಲೆಗೆ ಕಟ್ಟುವ ಕೇದಗೆ ಮುಂದಲೆಯ ಅಂಚನ್ನು ಅಷ್ಟು ನಯವಾಗಿ ಮಡಚಿದ ಬೆರಳುಗಳಿಗೆ ಒಂದು ತೋಳು ದೊಡ್ಡದೇ?

ಮುರಿದ ಜಾಗವನ್ನು ಭೂತಗನ್ನಡಿ ಹಿಡಿದು ನೋಡಿದೆ. ಒಳಗೆ ಒಂಟಿ ತಂತಿ ಬೋಳಾಗಿ ಹೊಳೆಯುತ್ತಿದೆ. ಓವನ್‌ನಲ್ಲಿ ಬೇಯಿಸಿ ಗಟ್ಟಿ ಮಾಡುವ ಈ ಪ್ಲಾಸ್ಟಿಕ್ ಮಣ್ಣು, ಪಾಲಿಮರ್ ಕ್ಲೇ, ಬೋಳು ಲೋಹವನ್ನು ಹಿಡಿದುಕೊಳ್ಳುವುದಿಲ್ಲ. ನೀನು ಕೈಯ ಭಂಗಿಯನ್ನು ಸ್ವಲ್ಪ ತಿದ್ದಿದಾಗಲೆಲ್ಲ ತಂತಿ ಒಳಗೇ ತಿರುಗಿ, ಸುತ್ತಲಿನ ಕ್ಲೇ ಸಡಿಲವಾಗಿದೆ. ಬಿರುಕು ಓವನ್‌ನಲ್ಲಿ ಕಾಣಿಸಿಕೊಂಡಿತು, ನಿಜ. ಹುಟ್ಟಿದ್ದು ನಿನ್ನ ಮೇಜಿನ ಮೇಲೆ.

ವಾಲಿದ್ದಕ್ಕೆ ಬೇರೆ ಕಾರಣ. ಈ ಕ್ಲೇ ಬಿಸಿಯಲ್ಲಿ ಗಟ್ಟಿಯಾಗುವ ಮೊದಲು ಮೆತ್ತಗಾಗುತ್ತದೆ. ಆರುವ ತನಕ ಅದಕ್ಕೆ ಪೂರ್ಣ ಬಲ ಬರುವುದಿಲ್ಲ. ಆ ಹೊತ್ತಿನಲ್ಲಿ ಮುಂದಲೆಯ ಭಾರ, ಭುಜಕೀರ್ತಿಯ ಭಾರ, ಎಲ್ಲವನ್ನೂ ಹೊರಬೇಕಾದದ್ದು ತಂತಿ. ನಿನ್ನ ಅಭಿಮನ್ಯು ಒಂದು ಕಾಲೆತ್ತಿ ನಿಂತಿದ್ದಾನೆ. ಅವನ ಇಡೀ ಮೈ ಒಂದು ಹಿಮ್ಮಡಿಯ ಮೇಲಿದೆ, ಆ ಹಿಮ್ಮಡಿಯೊಳಗೆ ಹೂ ಕಟ್ಟುವ ತಂತಿಯಷ್ಟು ಸಪೂರದ ಒಂದು ಎಳೆಯಿದೆ.

ನಾನು ಶಾಲೆಗೆ ಚಿತ್ರಕಲಾ ಶಿಕ್ಷಕಿಯಾಗಿ ಸೇರಿದ ವರ್ಷ ಜೇಡಿಮಣ್ಣಿನಲ್ಲಿ ಸಮುದ್ರ ಹಾರುವ ಹನುಮಂತನನ್ನು ಮಾಡಿದ್ದೆ. ಒಳಗೆ ಕಬ್ಬಿಣದ ಸರಳು ಇಟ್ಟು, ಇನ್ನು ಚಿಂತೆಯಿಲ್ಲ ಎಂದುಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಮಕ್ಕಳು ಓಡಿ ಬಂದು ಕರೆದರು. ತೊಡೆಯಿಂದ ಪಾದದವರೆಗೆ ಮಣ್ಣು ಸೀಳಿ ಹೋಗಿತ್ತು. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಸರಳು ಕುಗ್ಗುವುದಿಲ್ಲ. ಅಂದು ಅತ್ತದ್ದು ಈಗಲೂ ನೆನಪಿದೆ. ನಿನ್ನ ಪಾಲಿಮರ್ ಕ್ಲೇಯಲ್ಲಿ ನೀರಿಲ್ಲ, ಅದು ಕುಗ್ಗುವುದು ನಾಮಮಾತ್ರಕ್ಕೆ. ಆದ್ದರಿಂದಲೇ ತಂತಿಯನ್ನು ಶಾಶ್ವತವಾಗಿ ಒಳಗೆ ಬಿಡಬಹುದು. ನಮಗೆ ಸಿಗದ ಅನುಕೂಲ ನಿನಗೆ ಸಿಕ್ಕಿದೆ, ಅದನ್ನು ಪೂರ್ತಿಯಾಗಿ ಬಳಸಿಕೊ.

ಈಗ ಹೊಸದಾಗಿ ಆರಂಭಿಸು. ಮೊದಲು ಕಾಗದ, ಆಮೇಲೆ ಇಕ್ಕಳ. ಬೊಂಬೆ ಎಷ್ಟು ಎತ್ತರವೋ ಅಷ್ಟೇ ಅಳತೆಗೆ ಅದನ್ನು ಮುಂದಿನಿಂದಲೂ ಪಕ್ಕದಿಂದಲೂ ಬರೆ. 20 ಸೆಂ.ಮೀ. ಆಳು ಎಂದುಕೊಂಡರೆ, ವೀರರಿಗೆ ಎಂಟು ತಲೆಯ ಎತ್ತರ ಒಪ್ಪುತ್ತದೆ, ತಲೆ 2.5 ಸೆಂ.ಮೀ. ಮುಂದಲೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಕಾಲುಗಳು ಕವಲೊಡೆಯುವುದು ಸರಿಯಾಗಿ ಅರ್ಧದಲ್ಲಿ, 10 ಸೆಂ.ಮೀ.ಗೆ. ಮಂಡಿ ನೆಲದಿಂದ 5 ಸೆಂ.ಮೀ. ಭುಜಗಳ ಅಗಲ ಎರಡು ತಲೆ. ಕೈ ಇಳಿಬಿಟ್ಟರೆ ಮೊಣಕೈ ಸೊಂಟಕ್ಕೆ, ಮಣಿಕಟ್ಟು ಕವಲಿಗೆ ಬರಬೇಕು. ನಿನ್ನ ಬೊಂಬೆಯ ಮುಂದೋಳು ಉದ್ದವಾಗಿದೆ. ಕಾಗದದ ಮೇಲೆ ತಂತಿಯನ್ನಿಟ್ಟು ಬಾಗಿಸಿದ್ದರೆ ಅದು ಆಗಲೇ ಕಣ್ಣಿಗೆ ಬೀಳುತ್ತಿತ್ತು.

ತಂತಿ ಅಲ್ಯೂಮಿನಿಯಂನದಿರಲಿ, 1.5 ಮಿ.ಮೀ. ದಪ್ಪದ್ದು, ಎರಡೆಳೆ ಹೊಸೆದದ್ದು. ಕಂಬಿ ಕಟ್ಟುವವರು ಬಳಸುವ ಕಬ್ಬಿಣದ ಕಟ್ಟುತಂತಿ ಅಗ್ಗವಾಗಿ ಸಿಗುತ್ತದೆ, ಸುತ್ತಲಿಕ್ಕೆ ಒಳ್ಳೆಯದು; ಬೆನ್ನೆಲುಬಿಗೆ ಮಾತ್ರ ಬೇಡ. ಸುಮಾರು 55 ಸೆಂ.ಮೀ. ಉದ್ದದ ಎರಡು ತಂತಿಗಳನ್ನು ಜೊತೆಗಿಟ್ಟು ನಡುವೆ ಮಡಚು. ಮಡಿಕೆಯ ಕುಣಿಕೆಯೇ ತಲೆ. ಅದರ ಕೆಳಗೆ ಹೊಸೆಯುತ್ತಾ ಬಂದರೆ ಕುತ್ತಿಗೆ, ಬೆನ್ನು. ಸೊಂಟದಲ್ಲಿ ಬಿಡಿಸಿ, ಒಂದೊಂದು ಕಾಲಿಗೆ ಎರಡೆರಡು ಎಳೆ ಹಂಚು. ತೋಳುಗಳಿಗೆ ಬೇರೆ ತಂತಿ; ಒಂದು ಬೆರಳ ತುದಿಯಿಂದ ಎದೆಯನ್ನು ದಾಟಿ ಇನ್ನೊಂದು ಬೆರಳ ತುದಿಯವರೆಗೆ ಅದು ಒಂದೇ ಆಗಿರಲಿ. ಭುಜದಲ್ಲಿ ತುಂಡು ಜೋಡಿಸಿದರೆ ಮುರಿಯುವುದೂ ಭುಜದಲ್ಲೇ. ಅಡ್ಡತಂತಿ ಬೆನ್ನನ್ನು ಸಂಧಿಸುವಲ್ಲಿ ಕಟ್ಟುತಂತಿಯಿಂದ ಬಿಗಿದು, ಮೇಲೆ ಎರಡು ಭಾಗ ಕಲಸುವ ಎಪಾಕ್ಸಿ ಅಂಟನ್ನು ಒತ್ತು. ಸೊಂಟಕ್ಕೂ ಹಾಗೆಯೇ. ಒಂದು ರಾತ್ರಿ ಬಿಡು. ಮೊಣಕೈ, ಮಂಡಿಗಳಿಗೆ ಮಾತ್ರ ಎಪಾಕ್ಸಿ ತಾಗಬಾರದು, ಅಲ್ಲಿ ಬಾಗಬೇಕು.

ಭಂಗಿ ಕೂಡಿಸುವಾಗ ಒಂದೇ ಜಾಗವನ್ನು ಹತ್ತು ಸಲ ಬಗ್ಗಿಸಬೇಡ. ಲೋಹ ಪ್ರತಿ ಸಲ ಬಾಗಿದಾಗಲೂ ಬಿರುಸಾಗುತ್ತದೆ, ಕೊನೆಗೆ ತುಂಡಾಗುತ್ತದೆ.

ಇನ್ನು ನಾನು ಹೇಳಲೇಬೇಕೆಂದಿರುವ ಮಾತಿಗೆ ಬರುತ್ತೇನೆ. ತಂತಿ ಬರಿಯ ಆಧಾರ ಎಂದು ನೀನು ಎಣಿಸಿದ್ದೀಯೆ. ಕುಣಿತ ಇರುವುದೇ ಅದರಲ್ಲಿ, ಮಗಳೇ. ಚಿಕ್ಕಂದಿನಲ್ಲಿ ನನ್ನ ಮಡಿಲಲ್ಲಿ ಕುಳಿತು ರಾತ್ರಿಯಿಡೀ ಬಯಲಾಟ ನೋಡಿದವಳು ನೀನು. ದೂರದ ಗದ್ದೆಯ ಅಂಚಿನಿಂದ ನೋಡಿದರೆ ಮುಖದ ಬಣ್ಣ ಕಾಣುವುದಿಲ್ಲ, ಆದರೂ ಎಳೆಯ ವೀರನ ಪುಂಡುವೇಷ ಪ್ರವೇಶಿಸಿತು ಎಂದು ನಮಗೆ ಹೇಗೆ ಗೊತ್ತಾಗುತ್ತಿತ್ತು? ಬೆನ್ನಿನ ಬಿಲ್ಲಿನಿಂದ, ಎತ್ತಿದ ಗದ್ದದಿಂದ, ನೆಲಕ್ಕೆ ಹೆಜ್ಜೆ ಕೊಡುವ ರೀತಿಯಿಂದ. ಭಾರ ಒಂದು ಕಾಲಿಗೆ ಬಿದ್ದರೆ ಆ ಬದಿಯ ಸೊಂಟ ಮೇಲೇಳುತ್ತದೆ, ಅದೇ ಬದಿಯ ಭುಜ ಇಳಿಯುತ್ತದೆ. ಕುತ್ತಿಗೆಯ ಕುಳಿಯಿಂದ ನೂಲುಗುಂಡು ಇಳಿಬಿಟ್ಟರೆ ಅದು ಊರಿದ ಪಾದದ ಹತ್ತಿರ ಬರಬೇಕು. ನಿನ್ನ ಬೊಂಬೆಯ ಸೊಂಟವೂ ಭುಜವೂ ಅಡ್ಡಪಟ್ಟಿಯಂತೆ ಸಮವಾಗಿವೆ. ಅದಕ್ಕೇ ಅಷ್ಟು ಚಂದದ ಮುಖವಿದ್ದೂ ಅವನು ಕುಣಿಯುತ್ತಿಲ್ಲ. ಬರಿಯ ತಂತಿಯನ್ನು ಗೋಡೆಯ ಮುಂದಿಟ್ಟು ದೀಪ ಹಿಡಿದು ನೆರಳನ್ನು ನೋಡು. ಆ ನೆರಳಿನಲ್ಲಿ ಚಕ್ರವ್ಯೂಹಕ್ಕೆ ನುಗ್ಗುವ ಹುಡುಗ ಕಾಣುವ ತನಕ ಕ್ಲೇಯ ಪೊಟ್ಟಣ ಬಿಚ್ಚಬೇಡ.

ದೊಡ್ಡವರೂ ಇಲ್ಲಿ ಅವಸರ ಮಾಡಿದ್ದಾರೆ. ಫ್ರಾನ್ಸಿನ ಕಲಾವಿದ ಡೆಗಾ 1881ರಲ್ಲಿ ಪ್ರದರ್ಶಿಸಿದ ಹದಿನಾಲ್ಕು ವರ್ಷದ ನರ್ತಕಿಯ ಮೇಣದ ಪ್ರತಿಮೆ ಈಗ ವಾಷಿಂಗ್ಟನ್ನಿನಲ್ಲಿದೆ. ಎಕ್ಸ್-ರೇ ತೆಗೆದು ನೋಡಿದಾಗ ಅದರ ತೋಳುಗಳೊಳಗೆ ಚಿತ್ರ ಬರೆಯುವ ಕುಂಚಗಳು ಕಂಡವು. ಕೈಗೆ ಸಿಕ್ಕಿದ್ದನ್ನು ಒಳಗಿಟ್ಟು ಕೆಲಸ ಮುಂದುವರಿಸುವುದು ಅವರ ರೂಢಿ. 1917ರಲ್ಲಿ ಅವರು ತೀರಿಕೊಂಡಾಗ ಮನೆಯಲ್ಲಿ ಸಿಕ್ಕ ಸುಮಾರು 150 ಪ್ರತಿಮೆಗಳಲ್ಲಿ ಅನೇಕವು ಮುರಿದು ಬಿದ್ದಿದ್ದವು. ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಮೈ ತುಂಬಿಸುವ ಕೆಲಸ ನಿನಗೆ ಸುಲಭ. ಬಣ್ಣ ಹಚ್ಚುವ ಚೌಕಿಯಲ್ಲಿ ವೇಷ ಕಟ್ಟುವಾಗ ಬಟ್ಟೆ ಸುತ್ತಿ ಮೈ ತುಂಬಿಸುವುದನ್ನು ನೋಡಿದ್ದೀಯಲ್ಲ, ಹಾಗೆ ಎದೆ, ತೊಡೆ, ತಲೆಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ ಸುತ್ತು. ಗಟ್ಟಿಯಾಗಿ ಒತ್ತು, ಸಡಿಲವಿದ್ದರೆ ಗಾಳಿ ಉಳಿಯುತ್ತದೆ. ಭಾರ ಕಡಿಮೆಯಾಗುತ್ತದೆ, ಕ್ಲೇಯ ಪದರ ಎಲ್ಲೆಡೆ ಒಂದೇ ದಪ್ಪವಾಗಿ ಸಮನಾಗಿ ಬೇಯುತ್ತದೆ. ಥರ್ಮೋಕೋಲನ್ನು ಒಳಗಿಡಬೇಡ, ಓವನ್‌ನಲ್ಲಿ ಕರಗುತ್ತದೆ. ಕೈಕಾಲುಗಳಿಗೆ ಕಟ್ಟುತಂತಿಯನ್ನು ಬಳ್ಳಿಯಂತೆ ಸುತ್ತಿ, ಇಡೀ ಗೂಡಿಗೆ ಫೆವಿಕಾಲ್ ಬಳಿದು ಪೂರ್ತಿ ಒಣಗಿಸು. ಆಗ ಕ್ಲೇಗೆ ಹಿಡಿತ ಸಿಗುತ್ತದೆ. ಬೆರಳುಗಳಿಗೆ ಹಳೆಯ ವಿದ್ಯುತ್ ತಂತಿಯೊಳಗಿನ ತಾಮ್ರದ ಎಳೆ ಸಾಕು, ಮೇಲಿನ ಪ್ಲಾಸ್ಟಿಕ್ಕನ್ನು ಪೂರ್ತಿ ಸುಲಿ.

ಊರಿದ ಕಾಲಿನ ತಂತಿ ಪಾದದ ಕೆಳಗೆ 3 ಸೆಂ.ಮೀ. ಉಳಿದಿರಲಿ. ಮರದ ತುಂಡಿಗೆ ತೂತು ಕೊರೆದು ಅದರಲ್ಲಿ ನಿಲ್ಲಿಸಿಯೇ ಎಲ್ಲ ಕೆಲಸ ಮಾಡು, ಹಾಗೆಯೇ ಬೇಯಿಸು. ಚನ್ನಪಟ್ಟಣದಿಂದ ತರಿಸಿರುವ ಬಣ್ಣದ ಪೀಠವನ್ನು ಮಾತ್ರ ಓವನ್‌ಗೆ ಇಡಬೇಡ. ಅದರ ಮೆರುಗು ಅರಗಿನದು, ಕಡೆಯುವ ಯಂತ್ರದಲ್ಲಿ ತಿಕ್ಕಿದ ಬಿಸಿಗೇ ಕರಗಿ ಹತ್ತಿಕೊಂಡದ್ದು. ಬೊಂಬೆ ಬೆಂದು ಆರಿದ ಮೇಲೆ ಅದಕ್ಕೆ ಕೂಡಿಸು.

ಬಿಸಿಯ ಲೆಕ್ಕ ಪೊಟ್ಟಣದ ಮೇಲಿರುತ್ತದೆ. ಒಂದು ಕಂಪನಿ 110 ಡಿಗ್ರಿ ಎಂದರೆ ಇನ್ನೊಂದು 130 ಎನ್ನುತ್ತದೆ. ಓವನ್‌ನ ತಿರುಗಣೆಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡು. ಸುಟ್ಟರೆ ಬರುವ ಹೊಗೆ ವಿಷ, ಕಿಟಕಿ ತೆರೆದಿರಲಿ. ಎತ್ತಿದ ಕಾಲಿನ ಕೆಳಗೆ ಫಾಯಿಲ್ ಉಂಡೆಯ ಊರುಗೋಲು ಕೊಡು. ಪೂರ್ತಿ ಆರುವ ತನಕ ಕೈ ಹಚ್ಚಬೇಡ. ಕಳೆದ ಸಲ ನಿನಗೆ ಅಷ್ಟು ತಾಳ್ಮೆ ಇರಲಿಲ್ಲ ಎಂದು ನಿನ್ನ ಅಮ್ಮ ಹೇಳಿದಳು.

ದಸರೆಗೆ ಇನ್ನೂ ಏಳು ವಾರವಿದೆ. ಮೈಸೂರಿನ ನಿನ್ನ ಅತ್ತೆಯವರ ಬೊಂಬೆ ಮೆಟ್ಟಿಲುಗಳಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಸಾಲು ನಿನ್ನ ಯಕ್ಷಗಾನಕ್ಕೆಂದು ಮೀಸಲಿಟ್ಟಿದ್ದಾರಂತೆ. ಆರು ವೇಷ ಆಗದಿದ್ದರೆ ಎರಡೇ ಇರಲಿ. ಮುರಿದ ಅಭಿಮನ್ಯುವಿನ ತಲೆಯನ್ನು ಎಸೆಯಬೇಡ. ಬೆಂದ ಕ್ಲೇ ಮತ್ತೆ ಬಿಸಿಗೆ ಹೆದರುವುದಿಲ್ಲ, ಕುತ್ತಿಗೆಗೆ ತೂತು ಕೊರೆದು ಹೊಸ ಮೈಗೆ ಕೂಡಿಸಬಹುದು.

ಬರುವ ಭಾನುವಾರದೊಳಗೆ ಬರಿಯ ತಂತಿಯ ಚಿತ್ರ ಕಳುಹಿಸು. ಮುಂದಿನದೊಂದು, ಪಕ್ಕದ್ದೊಂದು, ಗೋಡೆಯ ಮೇಲಿನ ನೆರಳಿನದೊಂದು. ನಾನು ನೋಡಿ ಹೇಳುವ ತನಕ ಕ್ಲೇ ಮುಟ್ಟಬೇಡ.

ನಿನ್ನ
ದೊಡ್ಡಮ್ಮ