ಸ್ಪ್ರಿಂಗ್ ಪೆಟ್ಟಿಗಿ ಬದಲಾಗ್ಯದ, ತಗೊಂಡವ್ರು ತಗೊಳ್ಳೋವ್ರು ಎಲ್ಲಾರೂ ಒಮ್ಮಿ ಓದ್ರಿ

ಎಲ್ಲಾ ಗಿರಾಕಿಗಳಿಗೂ ಶರಣು ಶರಣಾರ್ಥಿ.

ನಮ್ಮ ಕಡಿಂದ ಸ್ಪ್ರಿಂಗ್ ಪೆಟ್ಟಿಗಿ ತಗೊಂಡ ಕಿರಾಣಿ ಅಂಗಡಿಯವ್ರಿಗೆ, ಖಾನಾವಳಿಯವ್ರಿಗೆ, ರೊಟ್ಟಿ ಕೇಂದ್ರದ ಅಕ್ಕೋರಿಗೆ, ಲಾಂಡ್ರಿಯವ್ರಿಗೆ ಈ ಪತ್ರ ಬರೀಲತ್ತೀವಿ. ಈ ತಿಂಗಳಿಂದ ಪೆಟ್ಟಿಗಿ ಮಾಡೋ ರೀತಿನೂ ಮಾರೋ ರೀತಿನೂ ಎರಡೂ ಬದಲಾಗ್ಯಾವ. ಇನ್ನ ಮ್ಯಾಲ ರೆಡಿ ಪೆಟ್ಟಿಗಿ ಸಾಲಾಗಿ ಇಟ್ಟು ಬಂದವ್ರಿಗೆ ಎತ್ತಿ ಕೊಡೋದಿಲ್ಲ, ನೀವು ಅದರಾಗ ಏನ್ ಹಾಕ್ತೀರಿ ಅಂತ ಮೊದಲ ಕೇಳ್ತೀವಿ, ಆ ಮಾಲು ನಿಮ್ಮ ಮುಂದೇ ತೂಗ್ತೀವಿ, ಆಮ್ಯಾಲ ಅದಕ್ಕ ತಕ್ಕಂಗ ಸ್ಪ್ರಿಂಗ್ ಹಾಕಿ ಕೊಡ್ತೀವಿ. ಹಳೇ ಪೆಟ್ಟಿಗಿ ಇದ್ದವ್ರಿಗೆ ಸ್ಪ್ರಿಂಗ್ ಬದಲಿ ಪುಕ್ಕಟ. ಯಾಕ ಹಿಂಗ ಮಾಡೀವಿ ಅನ್ನೋದು ತುಸು ಉದ್ದ ಅದ, ಆದ್ರ ಓದಿದ್ರ ಪೆಟ್ಟಿಗಿ ಭಾಳ ದಿನ ಬಾಳಿಕಿ ಬರತದ ಅಂತ ಎಲ್ಲಾ ಬಿಡಿಸಿ ಬರದೀವಿ.

ಪೆಟ್ಟಿಗಿ ಕೆಲಸ ಮಾಡೋದು ನಿಮಗ ಗೊತ್ತೇ ಅದ. ಒಳಗ ಗಟ್ಟಿ ತಳ ಇರಲ್ಲ, ತಳದ ಬದಲಿ ಒಂದು ಹಲಗಿ, ಆ ಹಲಗಿಗೆ ಸ್ಪ್ರಿಂಗೇ ಆಧಾರ. ಖಾಲಿ ಇದ್ದಾಗ ಹಲಗಿ ಪೆಟ್ಟಿಗಿ ಬಾಯಿ ಹತ್ರ ನಿಂತಿರತದ, ಮಾಲು ಸುರದಂಗ ಸುರದಂಗ ಭಾರಕ್ಕ ಕೆಳಗ ಇಳೀತದ, ತೆಗದಂಗ ತೆಗದಂಗ ಹಗುರ ಆಗಿ ಮ್ಯಾಲ ಬರತದ, ಹಿಂಗಾಗಿ ಪೆಟ್ಟಿಗಿ ತುಂಬಿರ್ಲಿ ಅರ್ಧ ಆಗಿರ್ಲಿ ಕೈ ಹಾಕೋ ಜಾಗ ಮಾತ್ರ ಯಾವಾಗ್ಲೂ ಅದೇ ಎತ್ತರಕ್ಕ ಇರತದ. ಕರೆಂಟ್ ಬೇಕಾಗಿಲ್ಲ, ಮೋಟರ್ ಬೇಕಾಗಿಲ್ಲ. ದಿನಾ ನೂರು ಸಲ ಚೀಲದಾಗ ಬಗ್ಗಿ ಉಳ್ಳಾಗಡ್ಡಿ ತೆಗಿಯೋರ ನಡಾ ಉಳೀಬೇಕು ಅಂತಾನೇ ನಾವು ಈ ಕೆಲಸಕ್ಕ ಕೈ ಹಾಕಿದ್ದು.

ಆದ್ರ ಇದರಾಗ ಒಂದು ಮಾತು ನಾವು ನಿಮಗ ಸರಿಯಾಗಿ ಹೇಳಿರ್ಲಿಲ್ಲ. ಸ್ಪ್ರಿಂಗಿಗೆ ಮಾಲು ಎಷ್ಟು ಎತ್ತರ ಅದ ಅನ್ನೋದು ತಿಳಿಯಂಗಿಲ್ಲ, ಅದಕ್ಕ ತಿಳಿಯೋದು ತೂಕ ಒಂದೇ. ಎಷ್ಟು ತೂಕ ಬೀಳತದೋ ಅದರ ಲೆಕ್ಕಕ್ಕ ಅಷ್ಟು ಜಗ್ಗತದ, ಎರಡು ಪಟ್ಟು ತೂಕಕ್ಕ ಎರಡು ಪಟ್ಟು, ಇದನ್ನ ರಾಬರ್ಟ್ ಹುಕ್ ಅನ್ನೋ ವಿಜ್ಞಾನಿ 1678ರಾಗೇ ಬರದು ಪ್ರಕಟ ಮಾಡ್ಯಾರ. ಹಂಗಾಗಿ ಪೆಟ್ಟಿಗಿ ಸರಿಯಾಗಿ ನಡೀಬೇಕಂದ್ರ ಒಂದೇ ಒಂದು ಲೆಕ್ಕ ಕೂಡಬೇಕು: ಮಾಲಿನ ಒಂದು ಸೆಂಟಿಮೀಟರ್ ದಪ್ಪದ ಪದರು ಎಷ್ಟು ಭಾರ ಅದನೋ, ಅಷ್ಟು ಭಾರಕ್ಕ ಹಲಗಿ ಸರಿಯಾಗಿ ಒಂದು ಸೆಂಟಿಮೀಟರ್ ಇಳೀಬೇಕು. ಜಾಸ್ತಿನೂ ಅಲ್ಲ ಕಡಿಮಿನೂ ಅಲ್ಲ.

ಇಲ್ಲೇ ನಮ್ಮಿಂದ ತಪ್ಪಾಗಿದ್ದು. ನಾವು ಎಲ್ಲಾ ಪೆಟ್ಟಿಗಿ ಉಳ್ಳಾಗಡ್ಡಿ ಲೆಕ್ಕಕ್ಕ ಮಾಡಿದ್ವಿ, ಮಾರುವಾಗ ಮಾತ್ರ ಏನ್ ಬೇಕಾದ್ರೂ ಹಾಕ್ರಿ ಅಂದ್ವಿ. ಕಿರಾಣಿ ಅಂಗಡಿ ಕಾಕಾ ಒಬ್ಬರು ಎರಡು ಪೆಟ್ಟಿಗಿ ಒಯ್ದು ಒಂದರಾಗ ಚುರುಮರಿ ಇನ್ನೊಂದರಾಗ ಬೆಲ್ಲ ಹಾಕಿದ್ರು. ಚುರುಮರಿ ಎಷ್ಟು ಸುರಿದ್ರೂ ಹಲಗಿ ಅಲ್ಲಾಡ್ಲಿಲ್ಲ, ಮ್ಯಾಲೇ ನಿಂತು ಬಿಡ್ತು, ಅರ್ಧ ಚೀಲ ನೆಲಕ್ಕ ಚೆಲ್ಲಿತು. ಬೆಲ್ಲದ ಪೆಟ್ಟಿಗ್ಯಾಗ ಉಲ್ಟಾ ಆಯ್ತು, ಪೂರಾ ತುಂಬೋದ್ರೊಳಗೇ ಹಲಗಿ ಹೋಗಿ ತಳಾ ಮುಟ್ಟಿತು, ಆಮ್ಯಾಲ ಬೆಲ್ಲ ತೆಗದ್ರೂ ಹಲಗಿ ಏಳಾಂಗಿಲ್ಲ, ಮಾಲು ಬಾಯಿಗಿಂತ ಅರ್ಧ ಫೂಟ್ ಕೆಳಗ ಹೋದ ಮ್ಯಾಲೇ ಅದು ಏಳ್ಲಾಕ ಶುರು ಮಾಡೋದು. ಕಾಕಾ ಫೋನ್ ಮಾಡಿ ಸಿಟ್ಟು ಮಾಡ್ಲಿಲ್ಲ, ಸಮಾಧಾನದಿಂದ್ಲೇ ಅಂದ್ರು, "ತಮ್ಮಾ, ನಡಾ ಉಳೀಲಿ ಅಂತ ರೊಕ್ಕ ಕೊಟ್ಟೀನಿ, ಇದು ನನ್ನ ಬಗ್ಗಸೋದು ಬಿಟ್ಟಿಲ್ಲಲ್ಲ." ಆ ಮಾತು ನಮಗ ಭಾಳ ಹತ್ತಿತು. ಮರುದಿನಾನೇ ಹೋಗಿ ಎರಡೂ ಪೆಟ್ಟಿಗಿ ವಾಪಸ್ ತಂದ್ವಿ, ಅವತ್ತಿಂದ ಕೂತು ಮಾಲು ತೂಗ್ಲಾಕ ಹತ್ತಿದ್ವಿ.

ತೂಗೋದಂದ್ರ ದೊಡ್ಡದೇನಿಲ್ಲ, ಒಂದು ಲೀಟರ್ ಡಬ್ಬಿ ಬಾಯಿ ಮಟ್ಟ ತುಂಬಿ ತಕ್ಕಡಿ ಮ್ಯಾಲ ಇಡೋದು, ಉಳ್ಳಾಗಡ್ಡಿಯಂಥ ದಪ್ಪ ಮಾಲಿಗೆ ದೊಡ್ಡ ಬಕೆಟ್. ತೊಗರಿ ಬ್ಯಾಳಿ ಲೀಟರಿಗೆ 800 ಗ್ರಾಮ್ ಹತ್ರ ಬರತದ, ಉಳ್ಳಾಗಡ್ಡಿ ನಡು ನಡು ಸಂದು ಇರೋದ್ರಿಂದ 550 ಹತ್ರ, ಚುರುಮರಿ 100 ಗ್ರಾಮ್ ಸೈತ ಮುಟ್ಟಲ್ಲ. ನಮ್ಮ ಪೆಟ್ಟಿಗಿ ಒಳಗ 60ಕ್ಕ 60 ಸೆಂಟಿಮೀಟರ್, ಅಂದ್ರ ಒಂದು ಸೆಂಟಿಮೀಟರ್ ಪದರಿಗೆ 3.6 ಲೀಟರ್ ಮಾಲು. ಉಳ್ಳಾಗಡ್ಡಿ ಆದ್ರ ಆ ಪದರು 2 ಕೆಜಿ ಆಗತದ, ಚುರುಮರಿ ಆದ್ರ 300 ಗ್ರಾಮ್ ಅಷ್ಟೇ. ಒಂದಕ್ಕೊಂದು ಆರು ಪಟ್ಟಿಗಿಂತ ಜಾಸ್ತಿ ಫರಕ್ ಅದ ನೋಡ್ರಿ, ಒಂದೇ ಸ್ಪ್ರಿಂಗ್ ಎರಡಕ್ಕೂ ಹೆಂಗ ನಡೀಬೇಕು.

ಈಗ ಹೊಸಾ ಪೆಟ್ಟಿಗ್ಯಾಗ ಏನ್ ಮಾಡೀವಂದ್ರ, ಹಲಗಿ ಕೆಳಗ ಇದ್ದ ದಪ್ಪ ಒತ್ತು ಸ್ಪ್ರಿಂಗ್ ತೆಗದೀವಿ. ಅವು ಉದ್ದ ಇದ್ದಿದ್ದಕ್ಕ ಭಾರ ಬಿದ್ರ ನಡುವ ಬಾಗಿ ಪಕ್ಕಕ್ಕ ಹೊಂಟಿದ್ವು, ಪೂರಾ ಒತ್ತಿದ ಮ್ಯಾಲೂ ಸುರುಳಿ ದಪ್ಪ ಉಳಿದೇ ಉಳೀತದಲ್ಲ, ಆ ಜಾಗನೂ ದಂಡ. ಮ್ಯಾಲ ಒಳಗಿಂದು ಕಣ್ಣಿಗೆ ಕಾಣ್ತಿರ್ಲಿಲ್ಲ, ತುಕ್ಕು ಹಿಡಿದದೋ ಬಿಟ್ಟದೋ ಯಾರಿಗೆ ಗೊತ್ತು. ಈಗ ಎರಡೂ ಪಕ್ಕಕ್ಕ ಆರಾರು ಕೊಂಡಿ ಇಟ್ಟೀವಿ, ಆ ಕೊಂಡಿಗೆ ಎಳೆಯೋ ಸ್ಪ್ರಿಂಗ್ ಮ್ಯಾಲಿಂದ ತೂಗಿ ಬಿಡ್ತೀವಿ, ಕೆಳಗಿನ ತುದಿ ಹಲಗಿ ಹಿಡಕೊಂಡಿರತದ. ಒಂದೊಂದು ಸ್ಪ್ರಿಂಗ್ ಸೆಂಟಿಮೀಟರಿಗೆ 360 ಗ್ರಾಮ್ ಹೊರತದ. ಉಳ್ಳಾಗಡ್ಡಿಗೆ ಈ ಕಡಿ ಮೂರು ಆ ಕಡಿ ಮೂರು, ಆರು ಸಾಕು. ಬ್ಯಾಳಿಯಷ್ಟು ಭಾರ ಇರೋ ಮಾಲಿಗೆ ನಾಕು ನಾಕು, ಎಂಟು. ನಾಳೆ ನೀವು ಧಂದೆ ಬದಲಿ ಮಾಡಿದ್ರ ಪೆಟ್ಟಿಗಿ ಬದಲಿ ಮಾಡೋದು ಬ್ಯಾಡ, ಎರಡು ಸ್ಪ್ರಿಂಗ್ ಸಿಗಸಬೇಕು ಇಲ್ಲಾ ಬಿಚ್ಚಬೇಕು ಅಷ್ಟೇ. ಎಡಕ್ಕ ಎಷ್ಟೋ ಬಲಕ್ಕೂ ಅಷ್ಟೇ ಇರಬೇಕು, ಇಲ್ಲಂದ್ರ ಹಲಗಿ ವಾರಿ ಆಗಿ ಸಿಕ್ಕಿ ಬೀಳತದ.

ಪ್ರತಿ ಸ್ಪ್ರಿಂಗ್ ನಾವು ವರ್ಕ್‌ಶಾಪ್‌ದಾಗ ಗ್ವಾಡಿ ಮ್ಯಾಲ ತೂಗುಹಾಕಿ ನೋಡ್ತೀವಿ. 5 ಕೆಜಿ ಕಲ್ಲು ಕಟ್ಟಿ ಒಂದು ಗೆರಿ ಹೊಡೀತೀವಿ, ಇನ್ನೊಂದು 5 ಕೆಜಿ ಕಟ್ಟಿ ಇನ್ನೊಂದು ಗೆರಿ, ಎರಡು ಗೆರಿ ನಡು 14 ಸೆಂಟಿಮೀಟರ್ ಬಂದ್ರ ಪಾಸು. ಹೆಚ್ಚು ಕಮ್ಮಿ ಆದವು ಒಂದು ಡಬ್ಬ್ಯಾಗ ಬ್ಯಾರೆ ತೆಗದು ಇಡ್ತೀವಿ, ಯಾವ ಪೆಟ್ಟಿಗಿಗೂ ಹಾಕಂಗಿಲ್ಲ. ಗ್ವಾಡಿ ಮ್ಯಾಲ ಈಗ ಸೀಸದ ಗೆರಿ ಎಷ್ಟು ಆಗ್ಯಾವಂದ್ರ ಬಿಳಿ ಸುಣ್ಣಾನೇ ಕಾಣ್ತಿಲ್ಲ.

ಇದಕ್ಕೇ ಕೈಮುಗಿದು ಕೇಳ್ಕೊಳ್ಳೋದು, ಒಂದು ಸ್ಪ್ರಿಂಗ್ ಹೋಯ್ತಂತ ಗ್ಯಾರೇಜಿಗೆ ಹೋಗಿ ಹಂಗೇ ಕಾಣೋದು ಒಂದು ತಂದು ಹಾಕಬ್ಯಾಡ್ರಿ. ನಮ್ಮದು 3 ಎಂಎಂ ತಂತಿ. ಅದರ ಬದಲಿ 3.3 ಎಂಎಂ ತಂತಿದು ಹಾಕಿದ್ರ ಕಣ್ಣಿಗೆ ಫರಕ್ ಗೊತ್ತಾಗಲ್ಲ, ಆದ್ರ ಬಲ 46 ಪರ್ಸೆಂಟ್ ಜಾಸ್ತಿ ಆಗತದ, ಯಾಕಂದ್ರ ತಂತಿ ದಪ್ಪ ಲೆಕ್ಕದಾಗ ನಾಕು ಸಲ ಗುಣಾಕಾರ ಆಗತದ. ಉದ್ದ ಆಯ್ತಂತ ಸುರುಳಿ ಕತ್ತರಸೋದೂ ಬ್ಯಾಡ, ಅರ್ಧ ಸುರುಳಿ ಕತ್ತರಸಿದ್ರ ಉಳದ ಅರ್ಧ ಎರಡು ಪಟ್ಟು ಬಿರುಸು ಆಗತದ. ತಾಟು ತೊಳದು ಹಸೀನೇ ಇಡೋ ಖಾನಾವಳಿಯವ್ರಿಗೆ ಸ್ಟೀಲ್ ಸ್ಪ್ರಿಂಗ್ ಕೊಡ್ತೀವಿ, ಅದು ತುಕ್ಕು ತಡೀತದ, ಆದ್ರ ಅದೇ ಅಳತಿದು ಮಾಮೂಲಿ ತಂತಿಗಿಂತ ಹತ್ತಕ್ಕೊಂದು ಪಾಲಿಗಿಂತಾನೂ ತುಸು ಜಾಸ್ತೀನೇ ಮೆತ್ತಗ ಇರತದ, ಅದರ ಲೆಕ್ಕಾನೇ ಬ್ಯಾರೆ.

ರೊಟ್ಟಿ ಕೇಂದ್ರದ ಅಕ್ಕೋರು ಹೇಳಿದ್ದು ಇನ್ನೊಂದು ತಕರಾರು ಇತ್ತು, ಅದನ್ನೂ ಸರಿ ಮಾಡೀವಿ. ಖಡಕ್ ರೊಟ್ಟಿ ಅಟ್ಟಿ ಅಟ್ಟಿ ಹಲಗಿ ಮ್ಯಾಲ ಜೋಡಿಸಿದ್ರು, ಮ್ಯಾಲಿನವು ತೆಗೀತಾ ಹೋದ್ರ ಹಲಗಿ ತುಸು ಹೊತ್ತು ಏಳೋದೇ ಇಲ್ಲ, ಆಮ್ಯಾಲ ಒಮ್ಮಿಲೇ ಟಕ್ ಅಂತ ಜಿಗೀತದ, ಆ ಜಿಗಿತಕ್ಕ ಕೆಳಗಿನ ರೊಟ್ಟಿ ಅಂಚು ಚೂರು ಚೂರು. ನಾವು ಹೋದಾಗ ಅಕ್ಕೋರು ಖಾಲಿ ಹಲಗಿ ಮ್ಯಾಲ ಅಂಗೈ ಊರಿ ಮೆಲ್ಲಕ ಬಿಟ್ಟು ತೋರಿಸಿದ್ರು, ಖರೇನೇ, ಎರಡು ಕಡಿ ತಡದು ತಡದು ಬಂತು. ಬಿಚ್ಚಿ ನೋಡಿದ್ರ ಹಲಗಿ ಏರಿ ಇಳಿಯೋ ಪಟ್ಟಿ ಸಂದ್ಯಾಗ ಜೋಳದ ಹಿಟ್ಟು ಸಿಮೆಂಟಿನಂಗ ಕೂತಿತ್ತು. ಕಬ್ಬಿಣಕ್ಕ ಕಬ್ಬಿಣ ಉಜ್ಜೋ ಜಾಗ ಅದು, ಎಣ್ಣಿ ಬ್ಯಾರೆ ಬಿಟ್ಟಿದ್ವಿ, ಎಣ್ಣಿಗೆ ಹಿಟ್ಟು ಹತ್ತಿ ಮುದ್ದಿ ಆಗಿತ್ತು. ಈಗ ನಾಕೂ ಮೂಲಿಗೆ ನೈಲಾನ್ ಗಾಲಿ ಹಾಕೀವಿ, ಎಣ್ಣಿ ಬ್ಯಾಡೇ ಬ್ಯಾಡ, ವಾರಕ್ಕೊಮ್ಮಿ ಒಣ ಬ್ರಷ್‌ಲೇ ಝಾಡಿಸಿದ್ರ ಸಾಕು. ರೊಟ್ಟಿ ಹಗುರ ಮಾಲು, ಅದಕ್ಕ ತೆಳು ತಂತಿ ಸ್ಪ್ರಿಂಗ್ ಬ್ಯಾರೇನೇ ಮಾಡಿಸೀವಿ.

ಇನ್ನ ತೊಗರಿ ಬ್ಯಾಳಿ ಮಾತು. ನಮ್ಮ ಕಲಬುರಗಿ ತೊಗರಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದೇ ಮಾಲು ಅನ್ನೋ ಸರ್ಕಾರಿ ಗುರುತು, ಬಂದದ, ಗಂಜ್ ಕಡಿಂದ ಬರೋ ಪ್ರತಿಯೊಬ್ರೂ ಮೊದಲ ಕೇಳೋದು ಬ್ಯಾಳಿಗೆ ಪೆಟ್ಟಿಗಿ ಕೊಡ್ರಿ ಅಂತ. ಬಿಡಿ ಬ್ಯಾಳಿಗೆ ಇನ್ನ ಮ್ಯಾಲ ಕೊಡಂಗಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ. ಒಂದು, ಹಲಗಿ ಅಂಚಿನ ಸಂದ್ಯಾಗ ಬ್ಯಾಳಿ ಸೋರತದ, ಒಳಗ ದಪ್ಪ ಬಟ್ಟಿ ಚೀಲ ಹೊಲಿಸಿ ಹಾಕಿದ್ರ ಸೋರೋದು ನಿಲ್ಲತದ, ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ಅಂದ್ರ ಕಾಳು ಕಡಿ ನೀರಿನಂಗ ಎಲ್ಲಾ ಭಾರ ತಳಕ್ಕ ಹಾಕಂಗಿಲ್ಲ, ಪೆಟ್ಟಿಗಿ ಗ್ವಾಡಿಗೆ ಒತ್ತಕೊಂಡು ಭಾರದಾಗ ಒಂದು ಪಾಲು ಗ್ವಾಡಿ ಮ್ಯಾಲೇ ಹೊರಿಸಿ ಬಿಡತದ. ಯಾನ್ಸೆನ್ ಅನ್ನೋ ಜರ್ಮನ್ ಎಂಜಿನಿಯರ್ 1895ರಾಗೇ ಕಾಳಿನ ಕಣಜದ ಮ್ಯಾಲ ಇದನ್ನ ಅಳದು ತೋರಿಸ್ಯಾರ, ಆಳ ಹೆಚ್ಚಾದಂಗ ತಳದ ಮ್ಯಾಲಿನ ಒತ್ತು ಒಂದು ಹಂತಕ್ಕ ಬಂದು ನಿಂತು ಬಿಡತದ. ಹಲಗಿ ಇಳೀಬೇಕಾದಷ್ಟು ಇಳಿಯಂಗಿಲ್ಲ, ಏಳಬೇಕಾದಾಗ ಏಳಂಗಿಲ್ಲ. ಒಂದು ಕೆಜಿ ಅರ್ಧ ಕೆಜಿ ಪಾಕೀಟು ಮಾಡಿದ ಬ್ಯಾಳಿ ಆದ್ರ ಬೇಕಾದಷ್ಟು ಹಾಕ್ರಿ, ಛಲೋ ನಡೀತದ. ಚುರುಮರಿಗೂ ನಾವು ಬ್ಯಾಡ ಅಂತೀವಿ, ಅದರ ತೂಕಕ್ಕಿಂತ ಗಾಲಿ ತಿಕ್ಕಾಟಾನೇ ಜಾಸ್ತಿ ಆಗತದ, ಚೀಲಾನೇ ಮೇಲು. ಉಳ್ಳಾಗಡ್ಡಿ, ಆಲೂಗಡ್ಡಿ, ಸಾಬೂನು, ಬಿಸ್ಕೀಟ್ ಪಾಕೀಟು, ತಾಟು, ದವಾಖಾನಿ ಚಾದರ್, ಇವಕ್ಕ ಇದರಷ್ಟು ಅನುಕೂಲ ಬ್ಯಾರೆ ಇಲ್ಲ ಅಂತ ಎದಿ ತಟ್ಟಿ ಹೇಳ್ತೀವಿ.

ಒಂದು ಮಾತು ಮಾತ್ರ ನೆನಪಿನ್ಯಾಗ ಇಡ್ರಿ, ಈ ಪೆಟ್ಟಿಗ್ಯಾಗ ಕಡಿಗೆ ಹಾಕಿದ್ದು ಮೊದಲ ಹೊರಗ ಬರತದ. ಮ್ಯಾಲ ಮ್ಯಾಲ ಹೊಸಾ ಮಾಲು ಸುರೀತಾ ಹೋದ್ರ ತಳದಾಗಿನ ಉಳ್ಳಾಗಡ್ಡಿ ತಿಂಗಳಾದ್ರೂ ಅಲ್ಲೇ ಇದ್ದು ಕೊಳೀತದ, ಹಲಗಿ ಮ್ಯಾಲೇ ಇರೋದ್ರಿಂದ ಪೆಟ್ಟಿಗಿ ತುಂಬಿದಂಗೇ ಕಾಣ್ತದ, ತಳಾ ಯಾರೂ ನೋಡಂಗಿಲ್ಲ. ವಾರಕ್ಕ ಒಂದು ದಿನ ಪೂರಾ ಖಾಲಿ ಆಗೋತನ ಮಾರಿ ಆಮ್ಯಾಲ ತುಂಬ್ರಿ. ಮಳಿಗಾಲದಾಗ ಇನ್ನೂ ಹುಷಾರ್.

ಸಣ್ಣ ಹುಡುಗ್ರು ಇರೋ ಅಂಗಡ್ಯಾಗ ಪಕ್ಕದ ತಗಡು ಮುಚ್ಚಳ ಬಿಚ್ಚಿ ಇಡಬ್ಯಾಡ್ರಿ. ಪೆಟ್ಟಿಗಿ ತುಂಬಿದಾಗ ಸ್ಪ್ರಿಂಗ್ ಅರ್ಧ ಮೀಟರ್ ಜಗ್ಗಿ ನಿಂತಿರತದ, ಕೊಂಡಿ ಕಳಚಿದ್ರ ಮಾರಿಗೆ ಬಡೀತದ. ಸ್ಪ್ರಿಂಗ್ ಸಿಗಸೋದು ಬಿಚ್ಚೋದು ಏನಿದ್ರೂ ಮಾಲು ಪೂರಾ ತೆಗದ ಮ್ಯಾಲ, ನಾವು ಕೊಟ್ಟ ಕೊಕ್ಕಿಲೇ, ಬರೇ ಕೈಲೆ ಅಲ್ಲ. ಎಳೆಯೋ ಸ್ಪ್ರಿಂಗ್ ಮುರಿಯೋದು ಬಹಳ ಮಾಡಿ ತುದಿ ಕೊಕ್ಕಿ ಬಾಗಿದ ಜಾಗದಾಗೇ, ಮುಚ್ಚಳ ತೆಗದಾಗ ಅಲ್ಲಿ ಒಂದು ಕಣ್ಣು ಹಾಯಸ್ರಿ, ಸೀಳು ಕಂಡ್ರ ಫೋನ್ ಮಾಡ್ರಿ. ಒಂದು ಮುರಿದ್ರೂ ಉಳದವು ಹಿಡೀತಾವ, ಹಲಗಿ ಒಮ್ಮಿಲೇ ಬೀಳಂಗಿಲ್ಲ, ಅದಕ್ಕೇ ಒಂದು ದಪ್ಪಂದರ ಬದಲಿ ಆರು ತೆಳು ಹಾಕಿದ್ದು.

ರೇಟು ಹೇಳ್ಬೇಕಲ್ಲ. ಗಾಲಿ, ಕೊಂಡಿ, ಮುಚ್ಚಳ ಸೇರಿ ಹೊಸಾ ಪೆಟ್ಟಿಗಿ ಮೊದಲಿಗಿಂತ 650 ರೂಪಾಯಿ ಜಾಸ್ತಿ ಆಗ್ಯದ, ಇದರಾಗ ಚೌಕಾಸಿಗೆ ಜಾಗ ಇಲ್ರಿ, ಖರ್ಚು ಎಷ್ಟು ಬಂದದೋ ಅಷ್ಟೇ ಏರಿಸೀವಿ. ಹಳೇ ಪೆಟ್ಟಿಗಿಯವ್ರು ಒಂದು ಪೈಸಾ ಕೊಡೋದು ಬ್ಯಾಡ, ನಮ್ಮ ತಪ್ಪಿಗೆ ನಿಮ್ಮ ಕಡಿಂದ ರೊಕ್ಕ ತಗೊಳ್ಳೋದು ಸರಿ ಅಲ್ಲ. ಕಲಬುರಗಿ ಊರೊಳಗಿನವ್ರ ಮನಿಗೆ ಅಂಗಡಿಗೆ ನಾವೇ ಟಂಟಂ ಕಳಸ್ತೀವಿ. ಬೀದರ, ಯಾದಗಿರಿ, ಶಹಾಪುರ ಕಡಿಯವ್ರು ಪೆಟ್ಟಿಗಿ ಹೊತ್ತುಕೊಂಡು ಬರೋ ತ್ರಾಸ ತಗೋಬ್ಯಾಡ್ರಿ, ಎರಡು ತಿಂಗಳೊಳಗ ಆ ಕಡಿ ನಮ್ಮ ಹುಡುಗ್ರು ಸಾಮಾನ್ ತಗೊಂಡೇ ಬರ್ತಾರ, ಯಾವ ದಿನ ಅಂತ ಮೊದಲ ಫೋನ್ ಮಾಡಿ ಹೇಳ್ತೀವಿ, ಅರ್ಧ ತಾಸಿನ ಕೆಲಸ.

ಕಪನೂರ ವರ್ಕ್‌ಶಾಪಿಗೆ ನೀವೇ ಬರೋದಿದ್ರ ಬರುವಾಗ ನೀವು ಹಾಕೋ ಮಾಲು ಒಂದು ಬಕೆಟ್ ತುಂಬಾ ತರ್ರಿ, ಬರೇ ಉಳ್ಳಾಗಡ್ಡಿ ಅಂತ ಬಾಯಿಲೆ ಹೇಳಿದ್ರ ಸಾಲಂಗಿಲ್ಲ, ಗಡ್ಡಿ ಸಣ್ಣದೋ ದಪ್ಪದೋ ಅದರ ಮ್ಯಾಲೂ ತೂಕ ಬದಲಿ ಆಗತದ. ತಕ್ಕಡಿ ಬಾಗಲದಾಗೇ ಇಟ್ಟೀವಿ. ಸೋಮವಾರ ರಜಾ.