ಕರುಳಿನ ಬ್ಯಾಕ್ಟೀರಿಯಾ ಬಗ್ಗೆ: ಮಗುವಿಗೆ ಪ್ರೋಬಯಾಟಿಕ್ (ಒಳ್ಳೆಯದು ಅಂತ ಮಾರುವ ಜೀವಂತ ಬ್ಯಾಕ್ಟೀರಿಯಾ) ಕೊಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಕರುಳಿನ ಬ್ಯಾಕ್ಟೀರಿಯಾ ಸರಿಹೋದರೆ ಮಕ್ಕಳ ಮೆದುಳಿನ ಗಡ್ಡೆ ಕರಗುತ್ತದೆ ಅನ್ನೋ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಹೊಟ್ಟೆಗೂ ಮೆದುಳಿಗೂ ನಂಟಿದೆ, ಅದು ನಿಜ. ಮೆದುಳಿನಲ್ಲಿ ಮೈಕ್ರೋಗ್ಲಿಯಾ ಅನ್ನೋ ಕಾವಲು ಕೋಶಗಳಿವೆ. ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಇವು ಸರಿಯಾಗಿ ಬಲಿತಿರಲಿಲ್ಲ ಅಂತ 2015ರಲ್ಲಿ ಗೊತ್ತಾಯಿತು, ಮತ್ತೆ ಕರುಳಿನ ಬ್ಯಾಕ್ಟೀರಿಯಾ ಊಟದಲ್ಲಿನ ನಾರಿನಿಂದ ತಯಾರಿಸುವ ಆಮ್ಲಗಳನ್ನೇ ಕುಡಿಯುವ ನೀರಿಗೆ ಬೆರೆಸಿ ಕೊಟ್ಟಾಗ ಆ ಕೋಶಗಳು ಸುಮಾರಾಗಿ ಚೇತರಿಸಿಕೊಂಡವು. ನನಗಂತೂ ಇದು ಬಹಳ ಆಸೆ ಹುಟ್ಟಿಸಿದ ವಿಷಯ.

ಆದರೆ ಇಲಿ ಬೇರೆ, ನಮ್ಮ ಮಗು ಬೇರೆ ಅಲ್ವಾ? ಮಕ್ಕಳ ಗಡ್ಡೆಗಳು ದೊಡ್ಡವರ ಗಡ್ಡೆಗಳ ಹಾಗೂ ಅಲ್ಲ. ಅದೂ ಅಲ್ಲದೆ ಕೀಮೋ (ಕ್ಯಾನ್ಸರ್ ಔಷಧಿ), ಆಂಟಿಬಯಾಟಿಕ್, ಊಟ ಸೇರದಿರುವುದು ಎಲ್ಲವೂ ಬ್ಯಾಕ್ಟೀರಿಯಾವನ್ನು ಬದಲಿಸುತ್ತವೆ, ಹಾಗಾಗಿ ಬದಲಾವಣೆ ಕಾಯಿಲೆಯಿಂದಲೋ ಔಷಧಿಯಿಂದಲೋ ಹೇಳುವುದು ಕಷ್ಟ. ಅದಕ್ಕೇ ಮಕ್ಕಳ ಗಡ್ಡೆಗೂ ಕರುಳಿನ ಬ್ಯಾಕ್ಟೀರಿಯಾಗೂ ನಂಟಿದೆಯಾ ಅಂತ ನೋಡುವ ಸಂಶೋಧನೆಯಲ್ಲಿ ಚಿಕಿತ್ಸೆಗೆ ಮುಂಚಿನ ಮಲದ ಸ್ಯಾಂಪಲ್‌ಗೆ ಅಷ್ಟು ಬೆಲೆ. ಪುಟ್ಟ ಡಬ್ಬಿ, ಮುಚ್ಚಳಕ್ಕೇ ಅಂಟಿದ ಚಮಚ, ಅಷ್ಟೇ. ಮಗುವಿಗೆ ನೋವಿಲ್ಲ. ಸಂಶೋಧನೆಗೆ ಅಂತ ಯಾರಾದರೂ ಸ್ಯಾಂಪಲ್ ಕೇಳಿದರೆ ಹೆದರಬೇಡಿ, ವಿವರ ಕೇಳಿ ತಿಳಿದುಕೊಂಡು ನಿರ್ಧರಿಸಿ.

ಮುಖ್ಯವಾದ ಮಾತು: ಚಿಕಿತ್ಸೆಯಲ್ಲಿರುವ ಮಗುವಿಗೆ ಸುಮ್ನೆ ಅಂಗಡಿಯಿಂದ ಪ್ರೋಬಯಾಟಿಕ್ ತಂದು ಕೊಡಬೇಡಿ. ಬಿಳಿ ರಕ್ತಕಣ ಇಳಿದಿರುವಾಗ, ಅಥವಾ ಎದೆಯಲ್ಲಿ ಸೆಂಟ್ರಲ್ ಲೈನ್ (ಔಷಧಿ ಕೊಡಲು ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇರುವಾಗ, ಆ "ಒಳ್ಳೆಯ" ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಸೋಂಕು ತರಬಹುದು. ಈಗಾಗಲೇ ಕೊಡುತ್ತಿದ್ದರೆ ಮುಚ್ಚಿಡಬೇಡಿ, ನಿಮ್ಮನ್ನು ಯಾರೂ ಬೈಯುವುದಿಲ್ಲ. ಡಬ್ಬಿಯ ಲೇಬಲ್ ಫೋಟೋ ತೆಗೆದು ಇವತ್ತೇ ನಿಮ್ಮ ಡಾಕ್ಟರಿಗೆ ತೋರಿಸಿ.