ಲೇ ಛತ್ರಿ, ಕೊನೆಯ ಗೆರೆಯ ಆಚೆ ಹೋಗಿ ಬಂದೆ

ಲೇ ಛತ್ರಿ,

ಫೋನ್ ಮಾಡಿದರೆ ಆಗುತ್ತಿತ್ತು, ಗೊತ್ತು. ಮೂರು ಸಲ ನಿನ್ನ ನಂಬರ್ ತೆಗೆದು ಹಾಗೇ ಇಟ್ಟೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಏನೋ ತಮಾಷೆ ಮಾಡಿ ಮಾತು ತೇಲಿಸುತ್ತೇನೆ, ಇಬ್ಬರೂ ನಕ್ಕು ಇಟ್ಟುಬಿಡುತ್ತೇವೆ. ಅದಕ್ಕೇ ಪತ್ರ. ಅದನ್ನು ಎಲ್ಲರೂ ಓದುವ ಹಾಗೆ ಯಾಕೆ ಹಾಕಿದೆ ಅಂತ ಬೈಬೇಡ. ನಾಲ್ಕು ಜನ ನೋಡುತ್ತಿದ್ದರೆ ನಾನು ಸ್ವಲ್ಪ ನೆಟ್ಟಗೆ ನಿಲ್ಲುತ್ತೇನೆ, ವೈವಾ ದಿನ ನೋಡಿದ್ದೀಯಲ್ಲ. (ನೀನು ಮೊದಲು ಕೇಳುವ ಪ್ರಶ್ನೆಗೆ ಉತ್ತರ: ಇಲ್ಲ, ಏಳನೇ ಬಕೆಟ್ ಇನ್ನೂ ಸಿಕ್ಕಿಲ್ಲ.)

ಮುಂದಿನ ತಿಂಗಳು ನನ್ನ ರಿಟೈರ್‌ಮೆಂಟ್, ಕಡಲ ಕೊರೆತ ತಡೆಯುವ ಎಂಜಿನಿಯರ್ ಕೆಲಸ ಅಲ್ಲಿಗೆ ಮುಗಿಯಿತು. ಬೀಳ್ಕೊಡುಗೆಗೆ ಸ್ಲೈಡು ಮಾಡುವ ಕೆಲಸ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯ ತಲೆಗೆ ಬಿದ್ದಿದೆ, ಪಾಪ. ಮೊನ್ನೆ ನನ್ನ ಟೇಬಲ್ ಹತ್ತಿರ ಬಂದು, "ಸರ್, ಒಟ್ಟು ಎಷ್ಟು ಕಿಲೋಮೀಟರ್ ದಡ ಉಳಿಸಿದ್ದೀರಿ? ಒಂದು ನಂಬರ್ ಹೇಳಿ, ದೊಡ್ಡದಾಗಿ ಹಾಕ್ತೀನಿ" ಅಂದಳು. ನಾನು ಖುಷಿಯಲ್ಲಿ ಹಳೆಯ ಫೈಲುಗಳನ್ನೆಲ್ಲ ತೆಗೆದೆ. ಕಲ್ಲಿನ ಗೋಡೆ ಇಷ್ಟು, ಗ್ರಾಯ್ನ್ (ಮರಳು ಹಿಡಿಯಲು ದಡದಿಂದ ಸಮುದ್ರದೊಳಕ್ಕೆ ಅಡ್ಡಲಾಗಿ ಹಾಕುವ ಕಲ್ಲಿನ ಸಾಲು) ಹಾಕಿದ್ದು ಇಷ್ಟು, ಮರಳು ತುಂಬಿದ್ದು ಇಷ್ಟು. ಕೂಡಿದರೆ 31 ಬಂತು. ಬರೆದುಕೊಂಡಳು. ಹೊರಟವಳು ಬಾಗಿಲ ಹತ್ತಿರ ನಿಂತು ಕೇಳಿದಳು: "ಸರ್, ಇದು ಗ್ರಾಸಾ, ನೆಟ್ಟಾ?"

ಅವಳು ಕಾಲೆಳೆಯಲು ಕೇಳಿದ್ದಲ್ಲ. ನಿಜವಾಗಿ ಗೊತ್ತಾಗದೆ ಕೇಳಿದ್ದು. ಅದಕ್ಕೇ ಹೊಡೆತ ಜೋರಾಗಿ ಬಿತ್ತು.

ನಿನಗೆ ಬಿಡಿಸಿ ಹೇಳಬೇಕಿಲ್ಲ, ಆದರೆ ಪಕ್ಕದಲ್ಲಿ ನಿಂತು ಓದುತ್ತಿರುವವರಿಗೆ ಹೇಳಬೇಕು. ಇದು ಸಂಬಳದ ಗ್ರಾಸು-ನೆಟ್ಟು ಅಲ್ಲ, ಆದರೆ ನೋವು ಹೆಚ್ಚುಕಡಿಮೆ ಅದೇ. ಅಲೆ ದಡಕ್ಕೆ ನೇರವಾಗಿ ಬರುವುದು ಕಡಿಮೆ. ಓರೆಯಾಗಿ ಬಂದು ಬಡಿಯುತ್ತದೆ, ಮರಳನ್ನು ಎಬ್ಬಿಸಿ ದಡದುದ್ದಕ್ಕೂ ಪಕ್ಕಕ್ಕೆ ತಳ್ಳುತ್ತದೆ. ಕೆಲವು ತಿಂಗಳು ಎಡಕ್ಕೆ, ಗಾಳಿ ತಿರುಗಿದ ಮೇಲೆ ಬಲಕ್ಕೆ. ಎರಡನ್ನೂ ಕೂಡಿದರೆ ಗ್ರಾಸ್, ಒಂದರಲ್ಲಿ ಇನ್ನೊಂದನ್ನು ಕಳೆದರೆ ನೆಟ್. ನಿಂತಂತೆ ಕಾಣುವ ಮರಳಿನ ಹೊಳೆ ಅದು. ಅಡ್ಡಲಾಗಿ ಕಲ್ಲು ಹಾಕಿದರೆ ಒಂದು ಬದಿಯಲ್ಲಿ ಮರಳು ತುಂಬುತ್ತದೆ, ಇನ್ನೊಂದು ಬದಿ ಹಸಿದು ಕೂರುತ್ತದೆ. ಉಳಿಸಿದ ದಡದಲ್ಲಿ ಹೀಗೆ ಹಸಿದ ದಡವನ್ನು ಕಳೆದಿದ್ದೀರಾ ಅನ್ನುವುದೇ ಅವಳ ಪ್ರಶ್ನೆ. ಚೆನ್ನೈನ ಮರೀನಾ ಅಷ್ಟು ಅಗಲವಾಗಿ ಬೆಳೆದದ್ದು ಹೀಗೇ. 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಬಂದರಿನ ಗೋಡೆ ಉತ್ತರಕ್ಕೆ ಹೋಗುವ ಮರಳನ್ನು ಹಿಡಿದಿಟ್ಟಿತು, ದಕ್ಷಿಣದಲ್ಲಿ ಬೀಚು ಬೆಳೆಯಿತು. ಆ ಮರಳು ಸಿಗದೆ ಉತ್ತರದ ರಾಯಪುರಂ ಕಡೆ ದಡ ಕೊರೆದುಹೋಯಿತು. ಮರೀನಾದಲ್ಲಿ ಫೋಟೋ ತೆಗೆಸಿಕೊಂಡವರು ಲಕ್ಷಗಟ್ಟಲೆ ಇದ್ದಾರೆ. ಇನ್ನೊಂದು ತುದಿಗೆ ಹೋಗಿ ನಿಂತು ಫೋಟೋ ತೆಗೆಸಿಕೊಂಡವರು ಕಡಿಮೆ.

ಇದೆಲ್ಲ ನಮಗೆ ಪಾಠದಲ್ಲೇ ಇತ್ತಲ್ಲ ಮಾರಾಯ. ನ್ಯೂಯಾರ್ಕಿನ ವೆಸ್ಟ್‌ಹ್ಯಾಂಪ್ಟನ್ ನೆನಪಿದೆಯಾ? 1960ರ ದಶಕದಲ್ಲಿ ಗ್ರಾಯ್ನ್ ಹಾಕಲು ಶುರು ಮಾಡಿದರು, 15 ಹಾಕಿ ಅರ್ಧಕ್ಕೇ ನಿಲ್ಲಿಸಿದರು. ಅವುಗಳ ನಡುವೆ ಬೀಚು ಚೆನ್ನಾಗಿ ತುಂಬಿಕೊಂಡಿತು. ಕೊನೆಯ ಗ್ರಾಯ್ನಿನಿಂದ ಆಚೆಗೆ ಮನೆಗಳು ಒಂದೊಂದಾಗಿ ನೀರಿಗೆ ಬಿದ್ದವು, 1992ರ ಡಿಸೆಂಬರಿನ ಬಿರುಗಾಳಿಯಲ್ಲಿ ಆ ಊರು ನಿಂತಿದ್ದ ಮರಳುದಿಬ್ಬದ ದ್ವೀಪವೇ ಸೀಳಿ ಸಮುದ್ರ ಒಳಗೆ ನುಗ್ಗಿತು. ನಾವು ಅದನ್ನು ಹತ್ತು ಮಾರ್ಕಿಗೆ ಓದಿದೆವು. ನನಗೆ ಎಂಟು ಬಂತು, ನಿನಗೆ ಒಂಬತ್ತು. ಅದಕ್ಕೆ ನಾನು ಒಂದು ವಾರ ಮಾತು ಬಿಟ್ಟಿದ್ದೆ.

ಸರಿ, ವಿಷಯಕ್ಕೆ ಬರುತ್ತೇನೆ.

ಹುಡುಗಿ ಕೇಳಿದ ಆ ವಾರವೇ ರಜೆ ಹಾಕಿ ನಮ್ಮ ಮೊದಲ ಸೈಟಿಗೆ ಹೋದೆ. ನೀನು, ನಾನು, ಒಂದು ಹಳೆಯ ಲೆವೆಲಿಂಗ್ ಯಂತ್ರ, ಆರು ಬಕೆಟ್. ಗ್ರಾಯ್ನ್‌ಗಳು ಗಟ್ಟಿಯಾಗಿವೆ, ಕಲ್ಲು ಒಂದೂ ಜಾರಿಲ್ಲ. ನಾವು ಗುಂಡಿ ಅಗೆದು ಮರಳಿನ ಸ್ಯಾಂಪಲ್ ತೆಗೆದ ಜಾಗದಲ್ಲಿ ಈಗ ಮಕ್ಕಳು ಚೆಂಡಾಡುತ್ತಾರೆ. ನಿಜ ಹೇಳುತ್ತೇನೆ, ಎದೆ ಉಬ್ಬಿತು. ಬೀಚಿನಲ್ಲಿ ನಡೆದೆ, ನಡೆದೆ, ಕೊನೆಯ ಗ್ರಾಯ್ನಿನವರೆಗೂ. ಅಲ್ಲಿಗೆ ನಮ್ಮ ಡ್ರಾಯಿಂಗ್ ಮುಗಿಯುತ್ತಿತ್ತು, ನೆನಪಿದೆ ಅಲ್ವಾ? ಕೊನೆಯ ಸರ್ವೆ ಗೆರೆ, ಅದರಾಚೆ ಬಿಳಿ ಕಾಗದ. 27 ವರ್ಷದಲ್ಲಿ ಎಷ್ಟೋ ಸಲ ಆ ಬೀಚಿಗೆ ಹೋಗಿದ್ದೇನೆ, ಜನರನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ, ಆದರೆ ಬಿಳಿ ಕಾಗದದ ಒಳಗೆ ಕಾಲಿಟ್ಟಿರಲಿಲ್ಲ.

ಈ ಸಲ ಇಟ್ಟೆ.

ಅಲ್ಲೊಂದು ಬಾವಿ ನಿಂತಿದೆ. ಬಾವಿ ನಿಲ್ಲುತ್ತದಾ ಅಂತ ಕೇಳಬೇಡ, ನಿಂತಿದೆ. ಸುತ್ತಲಿನ ನೆಲ ಪೂರ್ತಿ ಕೊಚ್ಚಿಹೋಗಿ ಸಿಮೆಂಟಿನ ರಿಂಗುಗಳು ಮಾತ್ರ ನೀರಿನ ನಡುವೆ ಚಿಮಣಿಯ ಹಾಗೆ ನಿಂತುಕೊಂಡಿವೆ. ಒಂದು ಕಾಲಕ್ಕೆ ಅದು ಮನೆಯೊಂದರ ಹಿತ್ತಲ ಬಾವಿ. ಅಂದರೆ ಮನೆ ಅದಕ್ಕಿಂತ ಮುಂದೆ ಇತ್ತು. ನಾನು ಅಭ್ಯಾಸಬಲದಿಂದ ಹೆಜ್ಜೆ ಹಾಕಿ ಅಳೆಯಲು ಶುರು ಮಾಡಿದೆ, ಅರ್ಧದಲ್ಲಿ ನಿಲ್ಲಿಸಿದೆ.

ಬಲೆ ಸರಿ ಮಾಡುತ್ತಿದ್ದ ಹಿರಿಯರೊಬ್ಬರು ಬಂದು ಮಾತಾಡಿಸಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ನಮ್ಮ ಗ್ರಾಯ್ನ್ ಕಡೆ ಕೈ ತೋರಿಸಿ, "ಅಲ್ಲಿ ನೋಡಿ, ಎಷ್ಟು ಚೆನ್ನಾಗಿ ಕಲ್ಲು ಹಾಕಿದ್ದಾರೆ. ನಮಗೂ ಹಾಕಿಸಿಕೊಡಿ ಅಂತ ಕೇಳಿ ಕೇಳಿ ಸಾಕಾಯ್ತು" ಅಂದರು. "ಅದನ್ನು ಮಾಡಿದ ಎಂಜಿನಿಯರ್ ಯಾರೋ ಪುಣ್ಯಾತ್ಮರು" ಅಂತಲೂ ಅಂದರು. ಆಮೇಲೆ ನನ್ನನ್ನು ನೋಡಿ, "ನೀವು ಏನು ಕೆಲಸ ಮಾಡೋದು?" ಅಂದರು.

ನಾನು ಸುಮ್ನೆ ಬೀಚು ನೋಡಲು ಬಂದವನು ಅಂದೆ.

27 ವರ್ಷದ ಸರ್ವೀಸಿನಲ್ಲಿ ನನ್ನ ಕೆಲಸ ಏನು ಅಂತ ಕೇಳಿದವರಿಗೂ ಕೇಳದವರಿಗೂ ಅರ್ಧ ಗಂಟೆ ಹೇಳಿದವನು ನಾನು. ಮದುವೆ ಮನೆಗಳಲ್ಲಿ ಜನ ನನ್ನ ಪಕ್ಕದ ಕುರ್ಚಿ ಖಾಲಿ ಬಿಡುತ್ತಾರೆ. ಅವತ್ತು ಒಂದು ಮಾತು ಹೊರಡಲಿಲ್ಲ.

ಈಗ ನಾನು ಬರೆಯಬಾರದು ಅಂದುಕೊಂಡಿದ್ದ ಭಾಗ. ಆ ಸೈಟಿಗೆ ನಾವು ಬರೆದ ರಿಪೋರ್ಟಿನಲ್ಲಿ ಒಂದು ಪ್ಯಾರಾ ಇತ್ತು. ಕೊನೆಯ ಗ್ರಾಯ್ನಿನ ಆಚೆ ಕೊರೆತ ಹೆಚ್ಚಾಗುತ್ತದೆ, ಪ್ರತಿ ವರ್ಷ ಅಲ್ಲೂ ಸರ್ವೆ ಮಾಡಬೇಕು, ಈ ಬದಿ ತುಂಬಿದ ಮರಳನ್ನು ಆ ಬದಿಗೆ ದಾಟಿಸಬೇಕು ಅಂತ. ಅದನ್ನು ಬರೆದವನು ನೀನು. ಮೀಟಿಂಗಿನಲ್ಲಿ ಹಿರಿಯರೊಬ್ಬರು "ಇದು ಬೇಕಾ?" ಅಂದರು, ಅಷ್ಟೇ. ತೆಗೆಯಿರಿ ಅನ್ನಲಿಲ್ಲ. ಯಾರೂ ಕೈ ತಿರುಚಲಿಲ್ಲ. ನಮ್ಮ ಕೆಲಸದ ವ್ಯಾಪ್ತಿಯೊಳಗೆ ಅದು ಬರುವುದಿಲ್ಲ ಅಂತ ನಾನೇ ನನಗೆ ಹೇಳಿಕೊಂಡು, ರಾತ್ರಿ ಒಬ್ಬನೇ ಕೂತು ಅಳಿಸಿದೆ. ನೀನು ಪ್ರಿಂಟ್ ಬಂದ ಮೇಲೆ ನೋಡಿದೆ. ಏನೂ ಕೇಳಲಿಲ್ಲ. ಆರು ತಿಂಗಳಿಗೆ ನೀನು ಕೆಲಸ ಬಿಟ್ಟು ಸಾಫ್ಟ್‌ವೇರ್‌ಗೆ ಹೋದೆ. ಸಂಬಳ ಜಾಸ್ತಿ ಅಂತ ಹೋದ ಅಂತ ನಾನು ಇಲ್ಲಿಯವರೆಗೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿನ್ನನ್ನು ಕೇಳಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯ ಅನ್ನುವ ಭಯ.

ನೀನು ಬರೆದ ಆ ಪ್ಯಾರಾ ಹುಚ್ಚು ಕನಸೂ ಅಲ್ಲ ಕಣೋ. 2001ರಲ್ಲಿ ಆಸ್ಟ್ರೇಲಿಯಾದ ಟ್ವೀಡ್ ನದಿಯ ಬಾಯಿಯಲ್ಲಿ ಅದನ್ನೇ ಶುರು ಮಾಡಿದರು. ದಡದಿಂದ ಸಮುದ್ರದೊಳಕ್ಕೆ ಒಂದು ಜೆಟ್ಟಿ, ಅದರ ಕೆಳಗೆ ಸಾಲಾಗಿ ಪಂಪು. ಬರುವ ಮರಳನ್ನು ಹೀರಿ ನದಿಯಡಿಯ ಪೈಪಿನಲ್ಲಿ ಆಚೆ ಬದಿಯ ಗೋಲ್ಡ್ ಕೋಸ್ಟ್ ಬೀಚುಗಳಿಗೆ ಕಳಿಸುತ್ತಾರೆ. ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್. ಮೊದಲ ಸಲ ಓದಿದಾಗ ಆ ಪತ್ರಿಕೆಯನ್ನು ಮುಚ್ಚಿ ಡ್ರಾಯರಿನ ತಳಕ್ಕೆ ಹಾಕಿದೆ. 2011ರಲ್ಲಿ ನೆದರ್ಲೆಂಡ್ಸ್‌ನವರು ಇನ್ನೂ ಮುಂದೆ ಹೋದರು. ಒಂದೇ ಜಾಗದಲ್ಲಿ 2.15 ಕೋಟಿ ಘನ ಮೀಟರ್ ಮರಳು ಸುರಿದು, ಹಂಚುವ ಕೆಲಸ ನಿನ್ನದು ಅಂತ ಅಲೆಗೇ ಬಿಟ್ಟುಕೊಟ್ಟರು. ಅದರ ಬಗ್ಗೆ ನಾನು ಎಷ್ಟು ಭಾಷಣ ಮಾಡಿದ್ದೇನೆ ಗೊತ್ತಾ? ಚಪ್ಪಾಳೆಯೂ ಬಿದ್ದಿದೆ.

ಪೂರ್ತಿ ಜೀವನ ವ್ಯರ್ಥ ಅಂತ ಗೋಳಾಡುತ್ತಿಲ್ಲ. ಮರಳು ತುಂಬಿದ ಕೆಲಸಗಳ ಬಗ್ಗೆ ನನಗೆ ಈಗಲೂ ಹೆಮ್ಮೆಯೇ. ಮೊದಲ ಬಿರುಗಾಳಿಗೆ ಅರ್ಧ ಬೀಚು ಮಾಯವಾದಾಗ "ದುಡ್ಡು ಸಮುದ್ರಕ್ಕೆ ಸುರಿದರು" ಅಂತ ಬರೆದವರ ಮೇಲೆ ಇನ್ನೂ ಸಿಟ್ಟಿದೆ. ಬಹಳಷ್ಟು ಮರಳು ಎಲ್ಲಿಗೂ ಹೋಗಿರುವುದಿಲ್ಲ, ನೀರಿನ ಕೆಳಗಿನ ಇಳಿಜಾರಿಗೆ ಇಳಿದು ಅಲ್ಲೇ ಅಲೆಯನ್ನು ಮುರಿಯುತ್ತಿರುತ್ತದೆ. ಅಲ್ಲೂ ತಪ್ಪು ಮಾಡಿದ್ದೇನೆ. ಒಮ್ಮೆ ಡ್ರೆಜ್ಜರ್‌ನವರು (ಸಮುದ್ರದಡಿಯಿಂದ ಮರಳು ಎತ್ತುವ ಹಡಗಿನವರು) ತಂದ ಮರಳು ತೀರಾ ನುಣ್ಣಗಿತ್ತು, ಊರಿನ ಮರಳಿಗಿಂತ ಸಣ್ಣ ಕಾಳು. ಗೊತ್ತಿದ್ದೂ ಒಪ್ಪಿಕೊಂಡೆ, ಎರಡು ವರ್ಷಕ್ಕೆ ಹೋಯಿತು. ಇನ್ನೊಂದು ಕಡೆ ಬುಲ್ಡೋಜರ್ ಓಡಿಸಿ ಎಷ್ಟು ಗಟ್ಟಿ ಮಾಡಿದ್ದೆವು ಅಂದರೆ ಕಡಲಾಮೆಗಳು ಬಂದು, ಗೂಡು ತೋಡಲಾಗದೆ, ಮೊಟ್ಟೆ ಇಡದೆ ವಾಪಸ್ ಹೋದವು. ಮುಂದಿನ ವರ್ಷ ಮೊಟ್ಟೆ ಇಡುವ ಕಾಲಕ್ಕೆ ಮುಂಚೆ ನೇಗಿಲು ಹೊಡೆಸಿ ಸಡಿಲ ಮಾಡಿಸಿದೆ. ಎಂಜಿನಿಯರಿಂಗ್ ಓದಿ ಕೊನೆಗೆ ಬೀಚು ಉತ್ತವನು. ಇಂಥ ತಪ್ಪುಗಳನ್ನು ನಾನು ಜೋರಾಗಿಯೇ ಹೇಳುತ್ತೇನೆ, ಹುಡುಗರಿಗೆ ಕಥೆ ಮಾಡಿ ಹೇಳುತ್ತೇನೆ. ಬಾವಿಯ ಕಥೆ ಮಾತ್ರ ಹಾಗೆ ಹೇಳಲು ಬರುತ್ತಿಲ್ಲ.

ಇನ್ನೂ ಒಂದಿದೆ, ಹೇಳಿ ಮುಗಿಸುತ್ತೇನೆ. ಆ ಹಿರಿಯರಿಗೆ ಮನವಿ ಯಾರಿಗೆ ಕೊಡಬೇಕು, ಹೇಗೆ ಬರೆಯಬೇಕು ಅಂತ ನಾನೇ ಹೇಳಿಕೊಟ್ಟೆ. ಚೆನ್ನಾಗಿಯೇ ಹೇಳಿಕೊಟ್ಟೆ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಬರೆಯುತ್ತಾರೆ. ಅದು ಸುತ್ತಿ ಬಳಸಿ ನಮ್ಮದೇ ಆಫೀಸಿಗೆ ಬರುತ್ತದೆ. ಹುಡುಗಿಯ ಟೇಬಲ್ಲಿಗೇ ಬರಬಹುದು. ಅವಳು ಇನ್ನೂ ಆರು ಗ್ರಾಯ್ನ್ ಬರೆಯುತ್ತಾಳೆ, ಕೊನೆಯ ಗೆರೆ ಸ್ವಲ್ಪ ಆಚೆ ಹೋಗುತ್ತದೆ, ಅದರಾಚೆ ಮತ್ತೆ ಬಿಳಿ ಕಾಗದ. ನಿನ್ನ ಹಳೆಯ ಡ್ರಾಫ್ಟು ಫ್ಲಾಪಿಯಲ್ಲಿತ್ತು, ಪುಣ್ಯಕ್ಕೆ ಒಂದು ಪ್ರಿಂಟ್ ನನ್ನ ಹತ್ತಿರ ಇದೆ. ಅದನ್ನು ಝೆರಾಕ್ಸ್ ಮಾಡಿ ಅವಳ ಟೇಬಲ್ ಮೇಲೆ ಇಟ್ಟು ಬಂದೆ. ಮುಖಾಮುಖಿ ಕೊಡಲಿಲ್ಲ, ಊಟದ ಹೊತ್ತಿನಲ್ಲಿ ಕಳ್ಳನ ಹಾಗೆ ಇಟ್ಟು ಓಡಿದೆ. ಮೇಲೆ ನಿನ್ನ ಹೆಸರು ಬರೆದಿದ್ದೇನೆ, ಬಯ್ಗುಳ ಬಂದರೆ ನಿನಗೇ ಬರಲಿ.

ಅಯ್ಯೋ, ಜಾಸ್ತಿ ಆಯಿತು. ರಿಟೈರ್ ಆಗುವವರೆಲ್ಲ ಹೀಗೆ ಆಡುತ್ತಾರಂತೆ, ಎರಡು ತಿಂಗಳಲ್ಲಿ ಸರಿಹೋಗುತ್ತದಂತೆ. 1999ರಲ್ಲಿ ಅಮೆರಿಕದ ಕೇಪ್ ಹ್ಯಾಟರಸ್ ದೀಪಸ್ತಂಭವನ್ನು ಕೊರೆತದಿಂದ ಉಳಿಸಲು ಇಡಿಯಾಗಿ ಎತ್ತಿ 2,900 ಅಡಿ ಹಿಂದಕ್ಕೆ ಸರಿಸಿದಾಗ ನೀನು ಆ ಸುದ್ದಿ ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿ ಕೆಳಗೆ ಬರೆದದ್ದನ್ನು ಇಲ್ಲಿ ಬರೆಯಲಾರೆ, ಸಂಸಾರಸ್ಥರು ಓದುತ್ತಿದ್ದಾರೆ. ಉತ್ತರ ಬರೆ, ಆದರೆ ಮೆಲ್ಲಗೆ ಬೈ. ಅಲೆಯ ಎತ್ತರ ಎರಡು ಪಟ್ಟಾದರೆ ಅದನ್ನು ತಡೆಯುವ ಕಲ್ಲಿನ ತೂಕ ಎಂಟು ಪಟ್ಟಾಗಬೇಕು, ಈ ವಯಸ್ಸಿನಲ್ಲಿ ಅಷ್ಟು ದಪ್ಪ ಆಗಲು ಡಾಕ್ಟರು ಬಿಡುವುದಿಲ್ಲ.

ಬೀಳ್ಕೊಡುಗೆಗೆ ಬಾ. ಸ್ಲೈಡಿನಲ್ಲಿ 31 ಅಂತ ದೊಡ್ಡದಾಗಿ ಇರುತ್ತದೆ, ಪಕ್ಕದಲ್ಲಿ ಚಿಕ್ಕದಾಗಿ ಬ್ರಾಕೆಟಿನಲ್ಲಿ "ಗ್ರಾಸ್" ಅಂತ ಹಾಕಿಸಿದ್ದೇನೆ. ಯಾರೂ ಗಮನಿಸುವುದಿಲ್ಲ. ನೀನು ಮೊದಲ ಸಾಲಿನಲ್ಲಿ ಕೂತು ಕೆಮ್ಮಬೇಡ.

ಇಂತಿ,
ಆರನೇ ಬಕೆಟ್